ಮೂರನೇ ದಿನ ಹೊಳೆದ ಕೋಶಗಳು ಹದಿನೈದನೇ ದಿನ ಮಂಕು: ಬಸ್ಸಿನಲ್ಲಿ ತಂದ ವೈರಸ್ ಕೆಟ್ಟಿದೆಯೇ?

ಪ್ರಶ್ನೆ (ಹಾಸನದಿಂದ):
ಇಲಿಯ ಅಸ್ಥಿಮಜ್ಜೆಯ ಆಕರಕೋಶಗಳಿಗೆ (ಸ್ಟೆಮ್ ಸೆಲ್) ಮೂಳೆ ಬೆಳೆಸುವ ಬಿಎಂಪಿ-2 ಜೀನನ್ನು, ಕೋಶದ ಡಿಎನ್‌ಎಗೆ ಜೀನ್ ಹೊತ್ತೊಯ್ಯುವ ಲೆಂಟಿವೈರಸ್ ಮೂಲಕ ಸೇರಿಸಿದ್ದೇನೆ. ಗುರುತಿಗೆ, ಹಸಿರಾಗಿ ಹೊಳೆಯುವ ಪ್ರೋಟೀನ್ ಜಿಎಫ್‌ಪಿಯ ಜೀನೂ ಜೊತೆಗಿದೆ. ಮೂರನೇ ದಿನ ಹತ್ತರಲ್ಲಿ ಏಳು ಕೋಶಗಳು, ಮಳೆಗಾಲಕ್ಕೆ ಮುಂಚೆ ಕಾಫಿ ತೋಟದಲ್ಲಿ ಮಿಂಚುಹುಳು ಕಂಡ ಹಾಗೆ, ಹಸಿರಾಗಿ ಹೊಳೆಯುತ್ತಿದ್ದವು. ಹದಿನೈದನೇ ದಿನಕ್ಕೆ ಹತ್ತರಲ್ಲಿ ಒಂದೂ ಇಲ್ಲ. ಕೋಶಗಳೇನೋ ಸತ್ತಿಲ್ಲ, ಬಟ್ಟಲಿನ ತುಂಬ ಹರಡಿಕೊಂಡಿವೆ. ವೈರಸ್ಸನ್ನು ಬೆಂಗಳೂರಿನಿಂದ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ತಂದದ್ದು. ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಡ್ರೈ ಐಸ್ ಬಹುತೇಕ ಮುಗಿದಿತ್ತು. ಹೊಸದನ್ನು ತರಿಸಲೇ? ಮುಂದಿನ ತಿಂಗಳು ಇಲಿಗಳಿಗೆ ಕಸಿ ಮಾಡಬೇಕು.

ಉತ್ತರ:
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ. ದಾರಿಯಲ್ಲೇ ವೈರಸ್ ಕೆಟ್ಟಿದ್ದರೆ ಮೂರನೇ ದಿನವೂ ಕತ್ತಲೆಯೇ ಇರುತ್ತಿತ್ತು. ಜೀನನ್ನು ಚಾಲೂ ಮಾಡುವ ಸ್ವಿಚ್, ಅಂದರೆ ಪ್ರಮೋಟರ್, ಯಾವುದು?

ಪ್ರಶ್ನೆ ಕೇಳಿದವರು:
ಸಿಎಂವಿ, ಸರ್.

ಉತ್ತರ:
ನನ್ನ ಅನುಮಾನ ಅದರ ಮೇಲೆಯೇ. ಸಿಎಂವಿ ಮೊದಮೊದಲು ಭಾರಿ ಅಬ್ಬರ. ಆಕರಕೋಶಗಳು ಅದಕ್ಕೆ ಮೀಥೈಲ್ ಗುಂಪುಗಳನ್ನು ಅಂಟಿಸಿ ಬಾಯಿ ಮುಚ್ಚಿಸಿಬಿಡುತ್ತವೆ. ಜೀನ್ ಒಳಗೇ ಇರುತ್ತದೆ, ಕೆಲಸ ಮಾಡುವುದಿಲ್ಲ. ಇಲ್ಲವೇ, ಜೀನ್ ಸೇರದ ಕೋಶಗಳು ಬೇಗ ಬೆಳೆದು ಉಳಿದವನ್ನು ಹಿಂದಿಕ್ಕಿರಬಹುದು.

ಎರಡರಲ್ಲಿ ಯಾವುದೆಂದು ತಿಳಿಯಲು ಈಗಿನ ಕೋಶಗಳಿಂದ ಡಿಎನ್‌ಎ ತೆಗೆದು, ಕೋಶಕ್ಕೆ ವೈರಸ್ಸಿನ ಎಷ್ಟು ಪ್ರತಿಗಳಿವೆ ಎಂದು ಪಿಸಿಆರ್‌ನಲ್ಲಿ ಎಣಿಸಿ. ಪ್ರತಿಗಳು ಉಳಿದಿದ್ದರೆ ಜೀನ್ ಬಾಯಿ ಮುಚ್ಚಿದೆ, ತೀರಾ ಕಡಿಮೆಯಿದ್ದರೆ ಜೀನ್ ಸೇರದ ಕೋಶಗಳು ಹಿಂದಿಕ್ಕಿವೆ. ಜೊತೆಗೆ ಒಂದು ಸಣ್ಣ ಬಟ್ಟಲಿಗೆ, ಮೀಥೈಲ್ ಅಂಟದಂತೆ ತಡೆಯುವ 5-ಅಜಾಸೈಟಿಡಿನ್ ಔಷಧ ಹಾಕಿ ಮೂರು ದಿನ ನೋಡಿ. ಹಸಿರು ಮರಳಿದರೆ ಕಳ್ಳ ಸಿಕ್ಕಿದಂತೆ. ಆ ಔಷಧ ಬೇರೆ ಜೀನುಗಳನ್ನೂ ಎಬ್ಬಿಸುತ್ತದೆ, ಹಾಗಾಗಿ ಆ ಬಟ್ಟಲಿನ ಕೋಶಗಳು ಕಸಿಗೆ ಬೇಡವೇ ಬೇಡ.

ಕಸಿಯ ದಿನಾಂಕಕ್ಕೆ ಆತುರಪಡಬೇಡಿ. 2015ರಲ್ಲಿ ಜರ್ಮನಿಯಲ್ಲಿ, ಚರ್ಮ ಕಳಚಿಹೋಗುವ ಕಾಯಿಲೆಯ ಏಳು ವರ್ಷದ ಹುಡುಗನಿಗೆ, ಅವನದೇ ಕೋಶಗಳಿಗೆ ಎಲ್‌ಎಎಂಬಿ3 ಜೀನ್ ಸೇರಿಸಿ ಬೆಳೆಸಿದ ಚರ್ಮವನ್ನು ಮೈಯ ಶೇ 80ರಷ್ಟು ಭಾಗಕ್ಕೆ ಹಾಕಿದರು. ಚರ್ಮ ಸದಾ ಉದುರಿ ಹೊಸದಾಗುತ್ತಲೇ ಇರುತ್ತದೆ. ಆದರೂ ಆ ಕಸಿ ನಿಂತಿತು, ಏಕೆಂದರೆ ಬಹುಕಾಲ ಬಾಳುವ ಕೆಲವೇ ಆಕರಕೋಶಗಳಲ್ಲಿ ಜೀನ್ ಕುಳಿತು ಕೆಲಸ ಮಾಡುತ್ತಿತ್ತು. ನಿಮ್ಮದು ಹದಿನೈದು ದಿನವೂ ತಾಳಿಲ್ಲ. ಇಎಫ್1 ಆಲ್ಫಾ ಅಥವಾ ಪಿಜಿಕೆ ಪ್ರಮೋಟರ್ ಹಾಕಿ, ಬಟ್ಟಲಿನಲ್ಲೇ ಒಂದು ತಿಂಗಳು ಕಾದು ನೋಡಿ.

ಪ್ರಶ್ನೆ ಕೇಳಿದವರು (ಮೂರು ವಾರಗಳ ನಂತರ):
ಕೋಶಕ್ಕೆ ಸರಾಸರಿ ಒಂದಕ್ಕಿಂತ ತುಸು ಹೆಚ್ಚು ಪ್ರತಿಗಳಿವೆ. ಔಷಧ ಹಾಕಿದ ಬಟ್ಟಲಿನಲ್ಲಿ ಅಲ್ಲಲ್ಲಿ ಹಸಿರು ಮರಳಿತು. ಇಎಫ್1 ಆಲ್ಫಾ ಇರುವ ವೆಕ್ಟರ್ (ಜೀನ್ ಹೊರುವ ವೈರಸ್) ಕಟ್ಟುತ್ತಿದ್ದೇನೆ, ಕಸಿಯನ್ನು ಮುಂದಕ್ಕೆ ಹಾಕಿದ್ದೇವೆ. ನಮ್ಮ ಮಾರ್ಗದರ್ಶಕರಿಗೆ ಮಾತ್ರ ಬಸ್ಸಿನ ಮೇಲಿನ ಅನುಮಾನ ಇನ್ನೂ ಹೋಗಿಲ್ಲ.