ಲೋಗೋ ಬಂದು ನೀಲಿ ಸ್ಕ್ರೀನ್: ಫಾರ್ಮ್ಯಾಟ್‌ಗಿಂತ ಮೊದಲು ಏನು ನೋಡಬೇಕು?

ಸೇಡಂನಿಂದ ಕೇಳಿದ್ದು
ನಮ್ಮದು ಝೆರಾಕ್ಸ್, ಆನ್‌ಲೈನ್ ಅರ್ಜಿ ಹಾಕೋ ಅಂಗಡಿ. ಹಳೇ ಡೆಸ್ಕ್‌ಟಾಪ್, ವಿಂಡೋಸ್ 10. ಇವತ್ತು ಮುಂಜಾನೆ ಚಾಲೂ ಮಾಡಿದ್ರ ಲೋಗೋ ಬಂತು, ಆಮ್ಯಾಲ ನೀಲಿ ಸ್ಕ್ರೀನ್ ಮ್ಯಾಲ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತ ತೋರಿಸಿ ತಾನೇ ಬಂದಾಗಿ ಮತ್ತ ಚಾಲೂ ಆಗ್ಲಿಕತ್ತದ. ರಿಪೇರಿಯವರು ಫೋನಿನಾಗೇ ‘ಫಾರ್ಮ್ಯಾಟ್ ಹೊಡಿಬೇಕು’ ಅಂದ್ರು. ಮಂದಿ ಕಾಗದ ಸ್ಕ್ಯಾನ್ ಮಾಡಿದ್ದು, ನುಡಿಯೊಳಗ ಟೈಪ್ ಮಾಡಿದ ಕರಾರುಪತ್ರ ಎಲ್ಲಾ ಅದರೊಳಗೇ ಅವ. ಯಾರಿಗರೆ ಹಿಂಗ ಆಗಿತ್ತೇನ್ರಿ?

ಬೀದರದಿಂದ
ಅಕ್ಕಾರೆ, ಫೈಲ್ ಹೊರಗ ಬರೋತನಕ ಫಾರ್ಮ್ಯಾಟ್‌ಗೆ ಹ್ಞೂಂ ಅನಬ್ಯಾಡ್ರಿ. ನಮ್ಮ ಕಾಲೇಜ್ ಲ್ಯಾಬಿನಾಗ ಮಷಿನ್ ಏಳಲಿಲ್ಲಂದ್ರ ಎಲ್ಲಿಗೆ ಬಂದು ನಿಂತದ ಅನ್ನೋದನ್ನ ಮೊದಲು ನೋಡ್ತೀವಿ. ಫ್ಯಾನೇ ತಿರುಗಲಿಲ್ಲಂದ್ರ ಎಸ್‌ಎಂಪಿಎಸ್ (ಮಷಿನಿಗೆ ಕರೆಂಟ್ ಕೊಡೋ ಒಳಗಿನ ಡಬ್ಬಿ), ಸ್ವಿಚ್, ವೈರ್. ಫ್ಯಾನ್ ತಿರುಗಿ, ಬೀಪ್ ಹೊಡೆದು, ಸ್ಕ್ರೀನ್ ಕಪ್ಪಗೇ ಉಳೀತಂದ್ರ ಅನುಮಾನ ಮೆಮೊರಿ ಪಟ್ಟಿ, ಅಂದ್ರ ರ‍್ಯಾಮ್ ಮ್ಯಾಲ. ವೈರ್ ಕಿತ್ತು, ರ‍್ಯಾಮ್ ಬಿಚ್ಚಿ, ಬಂಗಾರ ಬಣ್ಣದ ಅಂಚು ಪೆನ್ಸಿಲ್ ರಬ್ಬರಿನಿಂದ ಒರೆಸಿ, ಟಕ್ ಅನ್ನೋಹಂಗ ಕೂಡಿಸಿದ್ರ ಭಾಳ ಸಲ ಎದ್ದುಬಿಡ್ತದ.

ನಿಮ್ಮದು ಅವೆರಡನ್ನೂ ದಾಟಿ ಬಂದದ. ನೀವು ಬರೆದ ಎರರ್ ಅಂದ್ರ, ವಿಂಡೋಸ್ ಶುರು ಆದ ಮ್ಯಾಲ ತಾನು ಕೂತ ಡಿಸ್ಕೇ ಅದಕ್ಕ ಸಿಗವಲ್ದು. ಡಿಸ್ಕ್ ಕೆಟ್ಟಿರಬಹುದು, ಕೇಬಲ್ ಸಡಿಲ ಆಗಿರಬಹುದು, ಬಯೋಸ್ (ವಿಂಡೋಸಿಗಿಂತ ಮೊದಲು ಮಷಿನ್ ಎಬ್ಬಿಸೋ, ಬೋರ್ಡಿನೊಳಗಿನ ಪ್ರೋಗ್ರಾಂ) ಸೆಟ್ಟಿಂಗ್ ಬದಲಾಗಿರಬಹುದು, ಇಲ್ಲಾ ಅಪ್‌ಡೇಟ್ ಅರ್ಧಕ್ಕ ನಿಂತಿರಬಹುದು. ಮೊದಲಿನ ಮೂರಕ್ಕ ಫಾರ್ಮ್ಯಾಟ್ ಮದ್ದೇ ಅಲ್ಲ.

ಯಾದಗಿರಿಯಿಂದ
ಡಬ್ಬಿಗೆ ಕಿವಿಗೊಟ್ಟು ಕೇಳ್ರಿ. ಹಾರ್ಡ್‌ಡಿಸ್ಕ್ ಟಕ್ ಟಕ್ ಅಂತ ಒಂದೇ ಸಮ ಸದ್ದು ಮಾಡ್ತಿದ್ರ ಮತ್ತ ಮತ್ತ ಚಾಲೂ ಮಾಡಬ್ಯಾಡ್ರಿ, ಇದ್ದದ್ದೂ ಕೈ ಬಿಡ್ತದ. ಸದ್ದಿಲ್ಲಂದ್ರ ಬ್ಯಾರೆ ಕಂಪ್ಯೂಟರಿನಾಗ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಪೆನ್‌ಡ್ರೈವಿನಿಂದಲೇ ನಡೆಯೋ ಸಿಸ್ಟಮ್) ಒಂದು ಪೆನ್‌ಡ್ರೈವಿಗೆ ಹಾಕ್ಕೊಂಡು ನಿಮ್ಮ ಮಷಿನ್ ಅದರಿಂದ ಬೂಟ್ ಮಾಡ್ರಿ, ಅಂದ್ರ ಚಾಲೂ ಮಾಡ್ರಿ. ‘ಇನ್‌ಸ್ಟಾಲ್’ ಅನ್ನೋದನ್ನ ಮಾತ್ರ ಒತ್ತಬ್ಯಾಡ್ರಿ. ನಿಮ್ಮ ಫೋಲ್ಡರ್ ಕಾಣಿಸ್ತಾವ, ಹೊರಗಿನ ಡಿಸ್ಕಿಗೆ ಕಾಪಿ ಹೊಡ್ಕೊಳ್ರಿ. ನಮ್ಮ ಶಾಲಿ ಅಂಕಪಟ್ಟಿ ಉಳಿದದ್ದು ಇದರಿಂದಲೇ.

ಸೇಡಂನಿಂದ
ಸದ್ದೇನೂ ಇಲ್ರಿ. ಇನ್ನೊಂದು: ಸ್ವಲ್ಪ ದಿನದಿಂದ ಮುಂಜಾನೆ ತಾರೀಖು ಹಳೇ ವರ್ಷದ್ದು ತೋರಿಸ್ತಿತ್ತು. ಸೇವಾ ಸಿಂಧು ತೆಗೆದ್ರ ‘ಸುರಕ್ಷಿತ ಅಲ್ಲ’ ಅಂತಿತ್ತು. ತಾರೀಖು ಸರಿ ಮಾಡಿದ್ರ ಸಂಜೀತನಕ ಬರೋಬರ್. ರಾತ್ರಿ ಅಂಗಡಿ ಮೇನ್ ಸ್ವಿಚ್ ತೆಗೆದು ಹೋಗ್ತೀವಿ.

ಕಲಬುರಗಿಯಿಂದ
ಅಕ್ಕಾರೆ, ರಿಪೇರಿ ನನ್ನ ಕಸುಬು. ನಿಮ್ಮ ಈ ಮಾತಿನಾಗೇ ಉತ್ತರ ಅದ. ಮದರ್‌ಬೋರ್ಡಿನ ಮ್ಯಾಲ ರೂಪಾಯಿ ನಾಣ್ಯದಂಥ ಒಂದು ಸೆಲ್ ಇರ್ತದ, ಸಿಆರ್ 2032, 3 ವೋಲ್ಟಿಂದು. ಗಡಿಯಾರ ನಡೆಸೋದು ಅದು, ಹಳೇ ಬೋರ್ಡುಗಳೊಳಗ ಬಯೋಸ್ ಸೆಟ್ಟಿಂಗ್ ಹಿಡಿದಿಡೋದೂ ಅದೇ. ಹಗಲೊತ್ತು ಕಂಪ್ಯೂಟರ್ ಬಂದ್ ಇದ್ರೂ, ಗೋಡೆ ಸ್ವಿಚ್ ಚಾಲೂ ಇರೋತನಕ ಎಸ್‌ಎಂಪಿಎಸ್‌ನಿಂದ 5 ವೋಲ್ಟ್ ಬೋರ್ಡಿಗೆ ಹೋಗ್ತಿರ್ತದ, ಸೆಲ್ಲಿನ ಮ್ಯಾಲ ಭಾರ ಬೀಳಂಗಿಲ್ಲ. ರಾತ್ರಿ ಮೇನ್ ತೆಗೆದ್ರ ಸೆಲ್ ಒಂದೇ ದಿಕ್ಕು. ಅದು ಸತ್ತದ ಅಂದ್ರ ಗಡಿಯಾರ ಹಿಂದಕ್ಕ, ಸೆಟ್ಟಿಂಗ್ ಎಲ್ಲಾ ಕಂಪನಿಯಿಂದ ಬಂದಾಗ ಇದ್ದಂಗ. ಅದಕ್ಕೇ ಮುಂಜಾನೆ ಮಾತ್ರ ಕಾಟ. ತಾರೀಖು ತಪ್ಪಿದ್ರ ವೆಬ್‌ಸೈಟಿನ ಸರ್ಟಿಫಿಕೇಟಿನ ಅವಧಿ ತಾಳೆ ಆಗಂಗಿಲ್ಲ, ಬ್ರೌಸರ್ ಹೆದರಿಸ್ತದ.

ಈಗ ನೀಲಿ ಸ್ಕ್ರೀನಿಗೆ ಬರ್ತೀನಿ. ಬಯೋಸ್‌ನಾಗ ಸಾಟಾ ಮೋಡ್ ಅಂತ ಒಂದು ಸೆಟ್ಟಿಂಗ್ ಅದ, ಬೋರ್ಡ್ ಡಿಸ್ಕಿನ ಜೋಡಿ ಯಾವ ರೀತಿ ಮಾತಾಡಬೇಕು ಅನ್ನೋದು: ಐಡಿಇ, ಎಎಚ್‌ಸಿಐ, ರೇಡ್. ವಿಂಡೋಸ್ ಹಾಕಿದಾಗ ಎಎಚ್‌ಸಿಐ ಇತ್ತು, ಸೆಲ್ ಸತ್ತ ಮ್ಯಾಲ ಬೋರ್ಡ್ ತಾನೇ ಐಡಿಇಗೆ ಹೋಯ್ತು ಅಂದ್ರ ಸರಿಯಾಗಿ ಇದೇ ಎರರ್ ಬರ್ತದ. ಡಿಸ್ಕ್ ಗಟ್ಟಿ, ಫೈಲ್ ಗಟ್ಟಿ, ಮಾತಾಡೋ ರೀತಿ ಅಷ್ಟೇ ತಪ್ಪ್ಯದ. ಇಂಥ ಮಷಿನ್ ಫಾರ್ಮ್ಯಾಟ್ ಆಗಿ, ಮಂದಿ ಫೋಟೋ, ಲೆಕ್ಕ ಎಲ್ಲಾ ಕಳಕೊಂಡು ಬಂದದ್ದು ಕಂಡೀನಿ. ಹೊಟ್ಟಿ ಉರೀತದ. ಹೊಸ ವಿಂಡೋಸ್ ಐಡಿಇದಾಗೇ ಕೂತು ಚಾಲೂ ಆಗ್ತದ, ಎಲ್ಲರೂ ಫಾರ್ಮ್ಯಾಟಿನಿಂದ ಸರಿ ಆಯ್ತು ಅಂತಾರ.

ಮಾಡೋದು ಹಿಂಗ. ವೈರ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡೀರಿ. ಕ್ಯಾಬಿನೆಟ್ ತೆಗೆದು, ಲೋಹದ ಚೌಕಟ್ಟು ಮುಟ್ಟಿ, ಆಮ್ಯಾಲ ಸೆಲ್ ಬದಲು ಮಾಡ್ರಿ, ಪ್ಲಸ್ ಗುರುತು ಮ್ಯಾಲ. ಗಡಿಯಾರದ ಅಂಗಡಿಯಾಗೂ ಸಿಗ್ತದ. 2025 ಕೊಟ್ರ ತಗೋಬ್ಯಾಡ್ರಿ. 2032 ಅಂದ್ರ 20 ಮಿ.ಮೀ ಅಗಲ, 3.2 ಮಿ.ಮೀ ದಪ್ಪ, 2025 ಬರೇ 2.5 ದಪ್ಪ, ಸಡಿಲ ಕೂಡ್ತದ. ಕೈಹಾಕಿದ್ದೀರಂದ್ರ ಡಿಸ್ಕಿನಿಂದ ಬೋರ್ಡಿಗೆ ಹೋಗೋ ಸಾಟಾ ಕೇಬಲ್ಲೂ ಎರಡೂ ಕಡಿ ಒತ್ತಿಬಿಡ್ರಿ. ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬ್ಯಾಡ್ರಿ, ವೈರ್ ಕಿತ್ತ ಮ್ಯಾಲೂ ಅದರೊಳಗ ಶಾಕ್ ಹೊಡಿಯೋಷ್ಟು ಕರೆಂಟ್ ಉಳಿದಿರ್ತದ.

ಚಾಲೂ ಮಾಡಿ ಡಿಲೀಟ್ ಇಲ್ಲಾ ಎಫ್2 ಒತ್ತುತ್ತ ಬಯೋಸ್‌ಗೆ ಹೋಗ್ರಿ. ತಾರೀಖು ಹಾಕಿ, ಡಿಸ್ಕಿನ ಹೆಸರು ಕಾಣ್ತದೇನು ನೋಡ್ರಿ. ಹೆಸರೇ ಇಲ್ಲಂದ್ರ ಕೇಬಲ್ ಇಲ್ಲಾ ಡಿಸ್ಕ್, ಅಲ್ಲೇ ನಿಲ್ಲಿಸಿ ತೋರಿಸ್ರಿ. ಹೆಸರು ಅದ ಅಂದ್ರ ಸಾಟಾ ಮೋಡ್ ಈಗ ಏನದ ಅಂತ ಮೊಬೈಲಿನಾಗ ಫೋಟೋ ಹೊಡ್ಕೊಂಡು, ಎಎಚ್‌ಸಿಐ ಮಾಡಿ, ಎಫ್10 ಒತ್ತಿ ಸೇವ್ ಮಾಡ್ರಿ. ಎದ್ದೇಳಲಿಲ್ಲಂದ್ರ ಫೋಟೋದಾಗಿದ್ದಂಗ ತಿರುಗಿ ಇಟ್ಟು, ಯಾದಗಿರಿ ಸರ್ ಹೇಳಿದ ಪೆನ್‌ಡ್ರೈವ್ ದಾರಿ ಹಿಡೀರಿ. ಎದ್ದಿತಂದ್ರ ಅರ್ಜಿ ಹಾಕೋ ಮೊದಲು ಫೈಲ್ ಹೊರಗಿನ ಡಿಸ್ಕಿಗೆ ಹಾಕ್ರಿ.

ಬೀದರದಿಂದ
ಇದನ್ನ ಓದಿ ಹೊಸ ಲ್ಯಾಪ್‌ಟಾಪಿನಾಗ ಬಯೋಸ್ ಮುಟ್ಟೋರಿಗೆ ಒಂದು ಮಾತು. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ವ್ಯವಸ್ಥೆ) ಚಾಲೂ ಇದ್ರ ಸೆಟ್ಟಿಂಗ್ ಬದಲಾದ ಕೂಡಲೇ 48 ಅಂಕಿಯ ರಿಕವರಿ ಕೀ ಕೇಳಬಹುದು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯೊಳಗ ಇರ್ತದ, ಫೋನಿನಿಂದ ಲಾಗಿನ್ ಆಗಿ ನೋಡಬಹುದು. ಮೊದಲೇ ಅದನ್ನ ಬರೆದಿಟ್ಟುಕೊಂಡು ಆಮ್ಯಾಲ ಬಯೋಸ್‌ಗೆ ಹೋಗ್ರಿ.