ಮಾಯದ ಗಾಯ: ಬೋರ್ಡಿಗೆ ಬೇಕು, ನಾಳೆ ಬೆಳಿಗ್ಗೆಯೊಳಗೆ

ಕುಮಟಾದಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಇಲ್ಲಿನ ಒಂದು ದವಾಖಾನೆಯಲ್ಲಿ ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ನೋಡಲಿಕ್ಕೆ ಬೇರೆ ಕೋಣೆ ಮಾಡಿದ್ದಾರೆ. ಬೋರ್ಡಿನ ಕನ್ನಡ ನನ್ನ ಪಾಲಿಗೆ ಬಂತು. 'ಮಾಯದ ಗಾಯಗಳ ಚಿಕಿತ್ಸೆ' ಅಂತ ಬರೆದುಕೊಟ್ಟೆ, ವಾಸಿಯಾಗದ ಗಾಯ ಅನ್ನುವ ಅರ್ಥದಲ್ಲಿ. ಪೇಂಟರ್ ಹುಡುಗ ಚಾಕ್‌ಪೀಸಿನಲ್ಲಿ ಅಕ್ಷರ ಗುರುತು ಹಾಕಿದ. ಬ್ರಷ್ ಅದ್ದುವ ಮೊದಲು ನಿಂತು ಕೇಳಿದ, "ಮಾಯದ ಗಾಯ ಅಂದ್ರೆ ಮಾಟ ಮಾಡಿಸಿದ ಗಾಯವಾ ಸರ್?" ಅವನು ಕೇಳಿದ ಮೇಲೆ ನನಗೂ ಹಾಗೇ ಕಾಣಿಸಲಿಕ್ಕೆ ಶುರುವಾಯಿತು. ಮಾಯ, ಮಾಯೆ, ಮಾಯು, ಈ ಮೂರೂ ಒಂದೇ ಬೇರಿನವಾ? ಏನು ಬರೆಸಲಿ? ನಾಳೆ ಬೆಳಿಗ್ಗೆ ಅವನು ಮತ್ತೆ ಬರುತ್ತಾನೆ. ಬೋರ್ಡಿನಲ್ಲಿ ಜಾಗ ಜಾಸ್ತಿ ಇಲ್ಲ.

ಕಾರವಾರದಿಂದ:

ತೆಗೆದುಹಾಕಿ. ಮಾಯ ಸಂಸ್ಕೃತದ್ದು. 'ಮಾ' ಧಾತು, ಅಳೆಯುವುದು. ಋಗ್ವೇದದಲ್ಲಿ ಇಂದ್ರ ಮಾಯೆಯಿಂದ ಹಲವು ರೂಪ ತಾಳುತ್ತಾನೆ. ಅಲ್ಲಿ ಅದು ಮೋಸವಲ್ಲ, ಶಕ್ತಿ. ಭ್ರಮೆ ಅನ್ನುವ ಅರ್ಥ ಆಮೇಲೆ ಗಟ್ಟಿಯಾಯಿತು. ನಮ್ಮ ಕೊಂಕಣಿಯಲ್ಲಿ ಮಾಯಾ ಅಂದರೆ ಅಕ್ಕರೆ. ಮರಾಠಿ ಮಾತಾಡುವ ದರ್ಜಿಯನ್ನು ಕೇಳಿ, ಹೊಲಿಗೆಯ ಒಳಗೆ ಬಿಡುವ ಹೆಚ್ಚಿನ ಬಟ್ಟೆಗೂ ಮಾಯಾ ಅನ್ನುತ್ತಾರೆ. ಇಷ್ಟು ಅರ್ಥ ಹೊತ್ತ ಪದ ದವಾಖಾನೆ ಬಾಗಿಲಿಗೆ ಬೇಡ. 'ಗುಣವಾಗದ ಗಾಯ' ಬರೆಸಿ, ಮುಗೀತು.

ಶಿರಸಿಯಿಂದ:

ಮುಗಿಯಲಿಲ್ಲ ಮಾರಾಯ್ರೇ. ಸಂಸ್ಕೃತ ಅಂತ ಮಾಯ ತೆಗೆಸಿ ಗುಣ ಹಾಕಿಸುತ್ತೀರಿ. ಗುಣ ಯಾವ ಊರಿನದು?

ಗಾಯ ಮಾಯುವುದಕ್ಕೂ ಸಂಸ್ಕೃತದ ಮಾಯೆಗೂ ಹುಟ್ಟಿನ ಸಂಬಂಧ ಇಲ್ಲ. ಮಾಯು ನಮ್ಮದೇ ಕ್ರಿಯಾಪದ. ತಮಿಳಿನಲ್ಲಿ ಮಾಯ್ ಅಂದರೆ ಅಳಿ, ಸಾಯು. ಮಲಯಾಳದಲ್ಲಿ ಮಾಯುಕ ಅಂದರೆ ಅಳಿಸಿಹೋಗು, ಮಾಯ್ಕುಕ ಅಂದರೆ ಒರೆಸಿಹಾಕು. ಸಂಸ್ಕೃತದ ಪದ ಕನ್ನಡದಲ್ಲಿ ಕ್ರಿಯೆಯಾಗಬೇಕಾದರೆ ಸಾಮಾನ್ಯವಾಗಿ 'ಇಸು' ಸೇರುತ್ತದೆ: ಭಾವಿಸು, ಯೋಚಿಸು. ಮಾಯುವುದಕ್ಕೆ ಅದರ ಹಂಗಿಲ್ಲ.

ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿದ ಬೆರಳನ್ನು ದಿನಾ ನೋಡುತ್ತಾ ಬನ್ನಿ. ಮೊದಲು ಹಕ್ಕಳೆ ಕಟ್ಟುತ್ತದೆ. ಅದರಡಿಯಲ್ಲಿ ಅಂಚಿನಿಂದ ನಡುವಿಗೆ ಹೊಸ ಚರ್ಮ ಬರುತ್ತದೆ. ಹಕ್ಕಳೆ ಉದುರಿದಾಗ ತೆಳ್ಳಗೆ ಒಂದು ಗೆರೆ. ಮುಂದಿನ ಕೊಯ್ಲಿನ ಹೊತ್ತಿಗೆ ಆ ಗೆರೆಯನ್ನೂ ಹುಡುಕಬೇಕು. ಗಾಯ ಮಾಯಿತು ಅಂದವರು ಇದನ್ನು ಕಣ್ಣಲ್ಲಿ ಕಂಡು ಅಂದಿದ್ದಾರೆ. ಗುಣವಾಯಿತು ಅನ್ನುವುದರಲ್ಲಿ ಈ ನೋಟ ಇಲ್ಲ. ಮರೆಮಾಚು ಅನ್ನುತ್ತೇವಲ್ಲ, ಆ ಮಾಚು ಕೂಡ ಇದೇ ಮಾಯುವಿನ ಮನೆಯದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಮಾಯೆಯ ದಾರಿ ಬೇರೆ. 15ನೆಯ ಶತಮಾನದ ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಮಾಯೆ ಹುಟ್ಟುವುದು ನಮ್ಮ ತಾಲೂಕಿನ ಬನವಾಸಿಯಲ್ಲೇ, ಮಮಕಾರ ರಾಜನ ಮಗಳಾಗಿ. ಅಲ್ಲಮ ಮದ್ದಳೆ ಬಾರಿಸುತ್ತಾನೆ, ಅವಳ ಕೈಗೆ ಮಾತ್ರ ಸಿಗುವುದಿಲ್ಲ. ಯಕ್ಷಗಾನದಲ್ಲಿ ಚೆಲುವೆಯಾಗಿ ಬರುವವಳು ಮಾಯಾ ಶೂರ್ಪನಖಿ, ನಿಜರೂಪದಲ್ಲಿ ಬರುವವಳು ಘೋರ ಶೂರ್ಪನಖಿ. ಇದು ಸಂಸ್ಕೃತದ ಮಾಯೆ, ಒಪ್ಪಿದೆ. 'ದುಡ್ಡು ಮಾಯವಾಯಿತು' ಅನ್ನುವಾಗ ಎರಡೂ ಹೊಳೆ ಕೂಡಿವೆ ಅಂತ ನನ್ನ ನಂಬಿಕೆ.

ತೊಡಕು ಇಷ್ಟೇ. ಮಾಯು ಕ್ರಿಯಾಪದದ ನಿಷೇಧ ರೂಪವೂ 'ಮಾಯದ' (ಮಾಯದೆ ಇರುವ), ಮಾಯ ನಾಮಪದದ ಷಷ್ಠಿಯೂ 'ಮಾಯದ' (ಮಾಯಕ್ಕೆ ಸೇರಿದ). ಹುಡುಗ ಷಷ್ಠಿ ಓದಿದ. 'ಮಾಯದಿರುವ ಗಾಯ' ಅಂತ ಬರೆಸಿ.

ಕಾರವಾರದಿಂದ:

'ಮಾಯದಿರುವ' ಬೋರ್ಡಿನ ಮಾತಲ್ಲ, ಪಾಠದ ಮಾತು. ಅಪ್ಪಟವೇ ಬೇಕಾದರೆ ಗಾಯ ಯಾಕೆ ಇಟ್ಟುಕೊಂಡಿರಿ? ಅದು ಘಾತದಿಂದ ಪ್ರಾಕೃತದ ಘಾಯ ಆಗಿ ಬಂದದ್ದು. ಹುಣ್ಣು ಅನ್ನಿ, ಹಳಗನ್ನಡದ ಪುಣ್. ಇಲ್ಲಿ ಮೀನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಕೊಂಕಣಿ, ಮರಾಠಿ, ಕನ್ನಡ ಮೂರನ್ನೂ ಆಡುತ್ತೇವೆ. ಯಾವ ಪದ ಯಾರದ್ದು ಅಂತ ಕೇಳುತ್ತಾ ಕೂತರೆ ಬಂಗಡೆ ಸಿಗುವುದಿಲ್ಲ. ಘಟ್ಟದ ಮೇಲೆ ಕೂತವರಿಗೆ ಅದು ಸುಲಭ.

ಶಿರಸಿಯಿಂದ:

ಘಟ್ಟವನ್ನು ಎಳೆಯಬೇಡಿ. ತಾಗಿದ್ದು ಗಾಯ, ತಾನಾಗಿ ಎದ್ದದ್ದು ಹುಣ್ಣು. ಗಾಯವನ್ನು ಓಡಿಸಿ ಅಂತ ನಾನು ಹೇಳಲೇ ಇಲ್ಲ. ಬಂದದ್ದು ಇರಲಿ. ಮನೆಯಲ್ಲೇ ಹುಟ್ಟಿದ್ದನ್ನು ಹೊರಗಿನದು ಅಂತ ಬಾಗಿಲಾಚೆ ಹಾಕಬೇಡಿ ಅಂದೆ, ಅಷ್ಟೇ.

ಹೊನ್ನಾವರದಿಂದ:

ನಾನು ದಿನಾ ಡ್ರೆಸ್ಸಿಂಗ್ ಮಾಡುವವಳು. ಬರುವವರು "ಸಿಸ್ಟರ್, ಇದು ಮಾಯ್ತಾನೇ ಇಲ್ಲ" ಅನ್ನುತ್ತಾರೆ, ಇಲ್ಲವಾ "ಒಣಗ್ತಾ ಇಲ್ಲ" ಅನ್ನುತ್ತಾರೆ. ಒಣಗದ ಅಂತ ಬರೆಸಬೇಡಿ. ಮೇಲೆ ಒಣಗಿ ಒಳಗೆ ಕೀವು ಇರುವುದೂ ಉಂಟು. ಗುಣವಾಗದ ಅಂತಲಂತೂ ಬೇಡವೇ ಬೇಡ. ಕಾಲಿಗೆ ಬಟ್ಟೆ ಸುತ್ತಿಕೊಂಡು ಬಂದವರು ಬಾಗಿಲಲ್ಲೇ ಅದನ್ನು ಓದಿದರೆ, ತಮ್ಮದು ಇನ್ನು ಗುಣವೇ ಆಗುವುದಿಲ್ಲ ಅಂದುಕೊಳ್ಳುತ್ತಾರೆ. 'ಬೇಗ ಮಾಯದ ಗಾಯ' ಅಂದರೆ ಆಗಲಿಕ್ಕಿಲ್ಲವಾ? ಮುಂದೆ ಬೇಗ ಬಂದರೆ ಯಾರೂ ಮಾಟ ಅಂತ ಓದುವುದಿಲ್ಲ. ತಡವಾದರೂ ಮಾಯುತ್ತದೆ ಅಂತಲೂ ತಿಳಿಯುತ್ತದೆ.

ಕಾರವಾರದಿಂದ:

ಬೇಗ ಕೂಡ ಸಂಸ್ಕೃತದ ವೇಗವೇ. ಶಿರಸಿಯವರು ಗಮನಿಸಲಿ. ಆದರೆ ಅಕ್ಕ ಹೇಳಿದ್ದು ಸರಿ, ಗುಣವಾಗದ ಅನ್ನುವುದನ್ನು ನಾನು ಹಿಂತೆಗೆದುಕೊಳ್ಳುತ್ತೇನೆ.

ಕುಮಟಾದಿಂದ:

'ಬೇಗ ಮಾಯದ ಗಾಯಗಳ ಚಿಕಿತ್ಸೆ'. ಹುಡುಗನಿಗೆ ಫೋನ್ ಮಾಡಿ ಹೇಳಿದೆ. ಎಡಗಡೆ ಎರಡು ಅಕ್ಷರಕ್ಕೆ ಜಾಗ ಇದೆಯಂತೆ. ಹಾಕಿದ ಗುರುತು ಯಾವುದನ್ನೂ ಒರೆಸಬೇಕಾಗಿಲ್ಲ.