ಕರಿಬೇವಿನ ಕಾಂಡದ ತುಂಬ ಕಂದು ಗುಳ್ಳೆ, ಏನು ಮಾಡಲಿ?

ಪ್ರಶ್ನೆ, ಬಸವನಗುಡಿಯಿಂದ:
ಟೆರೇಸಿನ ಕುಂಡದಲ್ಲಿರುವ ಕರಿಬೇವಿನ ಕಾಂಡದ ಮೇಲೆಲ್ಲಾ ಕಂದು ಗುಳ್ಳೆಗಳು. ಎಲೆ ಮುಟ್ಟಿದರೆ ಅಂಟು, ಅದರ ಮೇಲೆ ಕಪ್ಪು ಮಸಿ. ಇರುವೆ ಸಾಲು ಬೇರೆ. ದಿನಾ ಒಗ್ಗರಣೆಗೆ ಬೇಕಾದ ಗಿಡ, ವಿಷ ಹೊಡೆಯಲು ಮನಸ್ಸಿಲ್ಲ. ಅನುಭವ ಇದ್ದವರು ಹೇಳಿ.

ಜಯನಗರ:
ಅದು ಶಲ್ಕ ಕೀಟ ಮೇಡಂ. ಉಗುರಿನಿಂದ ಒಂದನ್ನು ಎಬ್ಬಿಸಿ, ತಿರುಗಿಸಿ ನೋಡಿ. ಚಿಪ್ಪಿನಡಿ ನುಣ್ಣನೆ ಪುಡಿ ಇರುತ್ತದೆ ಅಲ್ವಾ, ಅಷ್ಟೂ ಮೊಟ್ಟೆ. ಒಂದರಡಿಯಲ್ಲೇ ನೂರಾರು. ತಾಯಿ ಸತ್ತರೂ ಚಿಪ್ಪು ಹಾಗೇ ಇದ್ದು ಮೊಟ್ಟೆ ಕಾಯುತ್ತದೆ. ಓಡಾಟವೆಲ್ಲ ಮರಿಗಳದ್ದು. ಜಾಗ ಹುಡುಕಿ, ಬಾಯಿ ಚುಚ್ಚಿ ರಸ ಹೀರಲು ಕೂತ ಹೆಣ್ಣು ಆಮೇಲೆ ಕದಲುವುದೇ ಅಪರೂಪ. ಗಂಡಿಗೆ ರೆಕ್ಕೆ ಉಂಟು, ತಿನ್ನಲು ಬಾಯಿಲ್ಲ, ಕೆಲವೇ ದಿನ ಬದುಕುತ್ತದೆ. ಕೆಲವು ಜಾತಿಗಳಲ್ಲಿ ಗಂಡಿನ ಹಂಗೇ ಇಲ್ಲದೆ ಸಂಸಾರ ನಡೆಯುತ್ತದೆ!

ಚಿಪ್ಪಿಗೆ ಔಷಧಿ ಅಷ್ಟಾಗಿ ತಾಗುವುದಿಲ್ಲ, ಸಾಯುವುದು ಮರಿ. ಹಾಗಾಗಿ ಒಂದು ಸಲ ಹೊಡೆದು ಸುಮ್ಮನಾದರೆ ಆಗಲಿಲ್ಲ. ಮೊದಲು ಹಳೇ ಟೂತ್‌ಬ್ರಶ್ ಸೋಪು ನೀರಲ್ಲಿ ಅದ್ದಿ ಕಾಂಡ ಉಜ್ಜಿ. ತೀರಾ ಹತ್ತಿದ ಕೊಂಬೆ ಕತ್ತರಿಸಿ ಕಟ್ಟಿ ಬಿಸಾಡಿ, ಕಾಂಪೋಸ್ಟಿಗೆ ಬೇಡ. ಆಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಬೆರೆಯಲು ಚೂರು ಸೋಪು. ಸಂಜೆ ಹೊತ್ತು, ಎಲೆಯ ಅಡಿಗೂ ಬೀಳುವಂತೆ ಹೊಡೆಯಿರಿ. ವಾರ ಹತ್ತು ದಿನಕ್ಕೊಮ್ಮೆ, ಹೊಸ ಮರಿ ಕಾಣುವುದು ನಿಲ್ಲುವವರೆಗೂ.

ವಿಜಯನಗರ:
ಇರುವೆ ತಡೆಯದಿದ್ದರೆ ಎಲ್ಲಾ ದಂಡ. ಹೀರಿದ ರಸದಲ್ಲಿ ಜಾಸ್ತಿಯಾದ ಸಕ್ಕರೆಯನ್ನು ಕೀಟ ಹಿಂದಿನಿಂದ ಹೊರಹಾಕುತ್ತದೆ. ನಿಮ್ಮ ಕೈಗೆ ಹತ್ತಿದ ಅಂಟು ಅದೇ, ಮಸಿ ಅಂದರೆ ಅದರ ಮೇಲೆ ಬೆಳೆದ ಬೂಷ್ಟು. ಆ ಸಿಹಿಯ ಆಸೆಗೆ ಇರುವೆ ಕಾವಲು ನಿಂತು, ಕೀಟ ತಿನ್ನಲು ಬಂದ ಗುಲಗಂಜಿ ಹುಳವನ್ನು ಓಡಿಸುತ್ತದೆ. ನಾನು ಅಗಲ ತಟ್ಟೆಯಲ್ಲಿ ನೀರು ತುಂಬಿ, ನಡುವೆ ಇಟ್ಟಿಗೆ ಇಟ್ಟು, ಅದರ ಮೇಲೆ ಕುಂಡ ಇಟ್ಟಿದ್ದೇನೆ. ನೀರಿಗೆ ಎರಡು ಹನಿ ಸೋಪು ಬೀಳಲಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಕೊಂಬೆ ಗೋಡೆಗೆ ತಾಗಬಾರದು, ತಾಗಿದರೆ ಇರುವೆಗೆ ಅದೇ ಫ್ಲೈಓವರ್.

ಹೆಬ್ಬಾಳ:
ಮೈತುಂಬ ಬಿಳಿ ಮೇಣದ ಎಳೆ ಹೊತ್ತು ಚುರುಕಾಗಿ ಓಡಾಡುವ ಹುಳ ಕಂಡರೆ ಹಿಟ್ಟು ತಿಗಣೆ ಅಂತ ಹೊಸಕಿಬಿಡಬೇಡಿ. ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳದ ಮರಿ ಇರಬಹುದು. ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ತಂದದ್ದು. ಅದಕ್ಕೆ ಇಷ್ಟವಾದದ್ದು ಮಾತ್ರ ಹಿಟ್ಟು ತಿಗಣೆ, ಅದು ಬೇರೆ ಮಾತು. 2008ರಲ್ಲಿ ಪರಂಗಿ ಗಿಡಗಳಿಗೆ ಹೊಸ ಹಿಟ್ಟು ತಿಗಣೆ ಬಂತಲ್ಲ, ಆಗಲೂ ನಮ್ಮ ಬೆಂಗಳೂರಿನ ಕೀಟ ವಿಜ್ಞಾನಿಗಳು 2010ರಲ್ಲಿ ಪೋರ್ಟೊ ರಿಕೊದಿಂದ ಪುಟ್ಟ ಕಣಜ ತರಿಸಿ ಬಿಟ್ಟ ಮೇಲೆ ಹತೋಟಿಗೆ ಬಂತು. ಕಡು ವಿಷ ಹೊಡೆದರೆ ಇಂಥವೂ ಸಾಯುತ್ತವೆ. ನೀವು ಬೇಡ ಅಂದದ್ದೇ ಸರಿ.

ಮಲ್ಲೇಶ್ವರ:
ಪಕ್ಕದಲ್ಲಿ ನಿಂಬೆ, ದಾಸವಾಳ ಇದ್ದರೆ ದೂರ ಇಡಿ, ಮರಿಗಳು ಗಾಳಿಯಲ್ಲೂ ಹೋಗುತ್ತವೆ. ಬೇವಿನೆಣ್ಣೆ ಹೊಡೆದ ವಾರ ಎಲೆ ಅಂಗಡಿಯಿಂದ ತನ್ನಿ. ಎಷ್ಟು ತೊಳೆದರೂ ಸಾರಿಗೆ ಆ ವಾಸನೆ ಬರುತ್ತದೆ.